ಊರಿಗೆಲ್ಲ ಬಿಸಿಯೂಟ, ಅತ್ತೆಗೆ ತಂಗಳು

ಲಕ್ಷ್ಮೀ ನಗರಕ್ಕೆ ಇನ್ನೂ ಬೆಳಕು ಹರಿದಿಲ್ಲ. ಮಂಜು ಎಷ್ಟು ಒತ್ತಾಗಿ ಕವಿದಿದೆಯೆಂದರೆ ಎದುರು ಮನೆಯ ನೀರಿನ ಟ್ಯಾಂಕು ಕಾಣುವುದಿಲ್ಲ. ಅದರ ಮೇಲೆ ಕೂತ ಕಾಗೆಯ ಕೂಗು ಮಾತ್ರ ಕೇಳುತ್ತದೆ. ಮೂರು ಮಹಡಿ ಹತ್ತಿದ ಮೇಲೆ ತಾರಸಿ, ತಾರಸಿಯ ಮೂಲೆಯಲ್ಲೊಂದು ಒಂಟಿ ಕೋಣೆ. ದಿಲ್ಲಿಯವರು ಇಂಥದ್ದಕ್ಕೆ ಬರ್ಸಾತಿ ಅನ್ನುತ್ತಾರೆ. ಊರೆಲ್ಲ ಬಾಗಿಲು ಜಡಿದು ರಜಾಯಿಯೊಳಗೆ ಮುದುಡಿರುವ ಈ ಹೊತ್ತಿನಲ್ಲಿ ಆ ಕೋಣೆಯ ಬಾಗಿಲು ಹಾರು ಹೊಡೆದಿದೆ. ಕಿಟಕಿಯ ಎರಡು ಕದಗಳೂ ತೆರೆದಿವೆ. ಒಳಗೆ ಗ್ಯಾಸ್ ಒಲೆಯನ್ನು ನೆಲಕ್ಕಿಳಿಸಿಕೊಂಡು, ಮಣೆಯ ಮೇಲೆ ಕೂತು, ರತ್ನಮ್ಮ ರಾಗಿ ಮುದ್ದೆ ತಿರುವುತ್ತಿದ್ದಾರೆ.

ನಲವತ್ತು ದಾಟಿದ ಹೆಂಗಸು. ಸೀರೆಯ ಮೇಲೆ ಗಂಡಸರ ಸ್ವೆಟರು, ತಲೆಗೆ ಸುತ್ತಿದ ಶಾಲು. ಒಲೆ ಹಚ್ಚುವ ಮುಂಚೆ ಕಡ್ಡಿ ಹಿಡಿದ ಕೈಯನ್ನು ಹಣೆಗೆ ಮುಟ್ಟಿಸಿ, “ತಾಯಿ, ಬೇಯಿಸು, ಸುಡಬೇಡ” ಎಂದುಕೊಂಡಿದ್ದರು. ಈಗ ಹಿಟ್ಟಿನ ಕೋಲು ಪಾತ್ರೆಯ ಅಂಚಿಗೆ ತಾಗುವ ಸದ್ದು, ಪಕ್ಕದ ಒಲೆಯಲ್ಲಿ ಹುರುಳಿಕಾಳು ಕುದಿಯುವ ಸದ್ದು, ಮೂಲೆಯಿಂದ ಆಗಾಗ ಏಳುವ ಒಂದು ಕೆಮ್ಮು. ಅಷ್ಟೇ.

ಕೆಮ್ಮುತ್ತಿರುವವರು ಅತ್ತೆ ಶಾಂತಮ್ಮ. ಎಪ್ಪತ್ತರ ಆಚೆಗಿನ ಜೀವ. ರಜಾಯಿಯ ಅರ್ಧ ಹೊದ್ದು ಗೋಡೆಗೊರಗಿ ಕೂತಿದ್ದಾರೆ. ಇನ್ನರ್ಧದೊಳಗೆ ಕಾಯಿಲೆಯ ಹುಡುಗಿಯೊಬ್ಬಳು ನಿದ್ದೆಯಲ್ಲಿದ್ದಾಳೆ. ಅವರ ಮುಂದೊಂದು ತಟ್ಟೆ. ತಟ್ಟೆಯಲ್ಲಿ ನಿನ್ನೆ ರಾತ್ರಿಯ ಮುದ್ದೆ, ಕಲ್ಲಿನಂತಾಗಿದೆ. ಪಕ್ಕದ ಲೋಟದಲ್ಲಿ ನೀರು ಮಜ್ಜಿಗೆ. ಮುದುಕಿ ಮುದ್ದೆಯನ್ನು ಚೂರು ಚೂರು ಮುರಿದು, ಮಜ್ಜಿಗೆಯಲ್ಲಿ ಅದ್ದಿ, ನುಂಗುತ್ತಾರೆ. ಒಂದೊಂದು ತುತ್ತಿಗೂ ಮೈ ಸಣ್ಣಗೆ ನಡುಗುತ್ತದೆ. ಎರಡೇ ಮಾರು ದೂರದಲ್ಲಿ ಹಬೆಯಾಡುವ ಹಿಟ್ಟು, ಮೆಣಸು ಬೆಳ್ಳುಳ್ಳಿ ಜಜ್ಜಿ ಹಾಕಿದ ಕಟ್ಟಿನ ಸಾರು. ಅವರ ಕಣ್ಣು ಅತ್ತ ಹೋಗುವುದಿಲ್ಲ. ರತ್ನಮ್ಮನ ಕಣ್ಣು ಮಾತ್ರ ಮತ್ತೆ ಮತ್ತೆ ಇತ್ತ ಬರುತ್ತದೆ.

ಸರ್ಕಾರಿ ಡಿಸ್ಪೆನ್ಸರಿಯ ಡಾಕ್ಟರು ಈ ಚಳಿಗಾಲದ ಮೊದಲಿಗೇ ಹೇಳಿದ್ದಾರೆ. ಎದೆಯಲ್ಲಿ ಕಫ ಕಟ್ಟಿದೆ, ಮೈಯಲ್ಲಿ ಕಾವು ಉಳಿದಿಲ್ಲ, ಗರಮ್ ಖಿಲಾವೋ, ಬಿಸಿಬಿಸಿಯಾಗಿ ಉಣ್ಣಿಸಿ, ಇಲ್ಲದಿದ್ದರೆ ಯುಗಾದಿ ಕಾಣುವುದು ಕಷ್ಟ ಎಂದು. ರತ್ನಮ್ಮ ಡಾಕ್ಟರಿಗೆ ತಲೆಯಾಡಿಸಿ ಬಂದರು. ತಮ್ಮ ಕಸುಬೇ ಜನಕ್ಕೆ ಬಿಸಿಬಿಸಿಯಾಗಿ ಉಣ್ಣಿಸುವುದು ಎಂದು ಅವರಿಗೆ ಹೇಳಲಿಲ್ಲ. ಹೇಳಲು ನಾಚಿಕೆಯಾಯಿತಂತೆ.

“ಊರಿಗೆಲ್ಲ ಬಿಸಿ ಕೊಡ್ತೀನಿ. ಮನೇಲಿ ಅತ್ತೆ ತಂಗಳು ತಿಂತಾರೆ. ಯಾರಿಗೆ ಹೇಳ್ಕೊಳ್ಳೋದು? ಕೇಳಿದವರು ನನ್ನನ್ನೇ ಕೆಟ್ಟ ಸೊಸೆ ಅಂತಾರೆ,” ಎನ್ನುತ್ತಾ ರತ್ನಮ್ಮ ಒದ್ದೆ ಕೈಯಲ್ಲಿ ಮೊದಲ ಮುದ್ದೆ ಕಟ್ಟುತ್ತಾರೆ. ಕೈ ಸುಟ್ಟರೂ ಮುಖ ಕದಲುವುದಿಲ್ಲ.

ದಿನಕ್ಕೆ ಇಪ್ಪತ್ತರ ಆಸುಪಾಸು ಡಬ್ಬಿ ಈ ಕೋಣೆಯಿಂದ ಇಳಿದು ಹೋಗುತ್ತವೆ. ಲಕ್ಷ್ಮೀ ನಗರದ ಗಲ್ಲಿಗಳಲ್ಲಿ ಬಾಡಿಗೆ ಕೋಣೆ ಹಿಡಿದ ಕನ್ನಡದ ಹುಡುಗ ಹುಡುಗಿಯರೇ ಹೆಚ್ಚು. ಸಿ.ಎ. ಕೋಚಿಂಗಿಗೆ ಬಂದವರು, ನೋಯ್ಡಾದ ಕಂಪನಿಗಳಿಗೆ ಹೋಗುವವರು. ಹಿಂದೂ, ಮುಸ್ಲಿಂ, ಕ್ರೈಸ್ತರೆಂಬ ಭೇದವಿಲ್ಲ. ಹುರುಳಿ ಸಾರಿಗೆ ಎಲ್ಲರ ಮೂಗೂ ಒಂದೇ ಥರ ಅರಳುತ್ತದೆ. ರಾಗಿ ಹಿಟ್ಟು ಊರಿನಿಂದ ಯಾರಾದರೂ ಕರ್ನಾಟಕ ಎಕ್ಸ್‌ಪ್ರೆಸ್ಸಿನಲ್ಲಿ ತಂದುಕೊಟ್ಟಾಗ ಮುದ್ದೆ, ಇಲ್ಲದ ದಿನ ಅನ್ನ. ಅವರೆಕಾಯಿಯ ಕಾಲದಲ್ಲಿ ಇಲ್ಲಿ ಅವರೆಕಾಯಿ ಸಿಗುವುದಿಲ್ಲ. ಬಟಾಣಿಯನ್ನೇ ನೆನೆಸಿ, ಹಿತುಕಿ, ಬೇಳೆ ಸಾರು ಮಾಡುತ್ತಾರೆ. ಗಾಡಿಯ ಭಯ್ಯಾ ಬಥುವಾ ಎಂದು ಕೊಡುವ ಸೊಪ್ಪು ನಮ್ಮ ಕಡೆಯ ಚಕ್ಕೋತ ಸೊಪ್ಪೇ ಎಂದು ಗೊತ್ತಾದ ದಿನ ಅವರಿಗೆ ತವರಿನವರು ಎದುರಾದಷ್ಟು ಖುಷಿಯಾಗಿತ್ತಂತೆ.

ಡಬ್ಬಿ ಬಿಸಿಯಾಗಿ ಮುಟ್ಟಬೇಕಲ್ಲ, ಅದಕ್ಕೂ ಒಂದು ಉಪಾಯವಿದೆ. ಫುಟ್‌ಪಾತಿನಲ್ಲಿ ಗುಡ್ಡೆ ಹಾಕಿ ಮಾರುವ ಹಳೆಯ ಸ್ವೆಟರುಗಳನ್ನು ತಂದು, ತೋಳು ಕತ್ತರಿಸಿ, ಒಂದು ಬದಿ ಹೊಲಿದು, ಡಬ್ಬಿಗೆ ತೊಡಿಸುತ್ತಾರೆ. ಸಾಲಾಗಿ ಇಟ್ಟಾಗ ಕೆಂಪು, ಹಸಿರು, ಬೂದು ಬಣ್ಣದ ಆ ಡಬ್ಬಿಗಳು ಶಾಲೆಗೆ ಹೊರಟ ಮಕ್ಕಳ ಹಾಗೆ ಕಾಣುತ್ತವೆ. ರತ್ನಮ್ಮನಿಗೆ ಮಕ್ಕಳಿಲ್ಲ.

ಆದರೆ ಇವರ ಹೆಸರು ಗಲ್ಲಿಯಲ್ಲಿ ಓಡಾಡುವುದು ಅಡುಗೆಯಿಂದಲ್ಲ. ಕಿಟಕಿ ಆಂಟಿ ಎಂದರೆ ಎಲ್ಲರಿಗೂ ಗೊತ್ತು. ಡಬ್ಬಿ ಕೊಡಲು ಹೋದಾಗ ರತ್ನಮ್ಮ ಮೊದಲು ಗಿರಾಕಿಯ ಕೋಣೆಯೊಳಗೆ ಇಣುಕುತ್ತಾರೆ. ಕಿಟಕಿ ಮುಚ್ಚಿದ್ದರೆ ಡಬ್ಬಿ ಕೈಗೆ ಬರುವುದಿಲ್ಲ. ಗೇಣಗಲವಾದರೂ ತೆರೆಯಬೇಕು, ತೆರೆದದ್ದನ್ನು ಅವರು ಕಣ್ಣಾರೆ ಕಾಣಬೇಕು. ಒಳಗೆ ಅಂಗೀಠಿ, ಅಂದರೆ ಇದ್ದಿಲು ಉರಿಸುವ ಕಬ್ಬಿಣದ ಅಗ್ಗಿಷ್ಟಿಕೆ, ಕಂಡರಂತೂ ಮುಗಿಯಿತು. ತಾವೇ ಬಟ್ಟೆ ಸುತ್ತಿ ಎತ್ತಿ, ಹೊರಗೆ ತಂದು, ಒಂದು ಚೊಂಬು ನೀರು ಸುರಿಯುತ್ತಾರೆ. ಒಮ್ಮೆ ಮನೆಯ ಮಾಲಕಿಯೊಬ್ಬಳು ಬಾಯಿಗೆ ಬಂದಂತೆ ಬೈದಳಂತೆ. ಇವರು ಬೈಗುಳ ಮುಗಿಯುವ ತನಕ ನಿಂತು, ಕೆಂಡ ಪೂರ್ತಿ ಕಪ್ಪಾಯಿತೆಂದು ನೋಡಿಕೊಂಡು, ಆಮೇಲೆ ಹೊರಟರಂತೆ.

ಮಂಡ್ಯದ ಕಡೆಯ ಸಂದೀಪ್ ನೋಯ್ಡಾದಲ್ಲಿ ಕಂಪ್ಯೂಟರ್ ಕೆಲಸದಲ್ಲಿದ್ದಾನೆ. ಇವರ ಹಳೆಯ ಗಿರಾಕಿ, ಬಾಯಿ ಸ್ವಲ್ಪ ಉದ್ದ. “ಆಂಟಿ, ನಿಮ್ಮ ಸಾರು ಮೈ ಬಿಸಿ ಮಾಡುತ್ತೆ, ನಿಮ್ಮ ಕಿಟಕಿ ತಣ್ಣಗೆ ಮಾಡುತ್ತೆ. ನಾನು ಕೊಡೋ ದುಡ್ಡು ಯಾವುದಕ್ಕೆ?” ಎಂದು ಕೇಳುತ್ತಿದ್ದನಂತೆ.

“ಕಿಟಕಿಗೇ ಅಂತ ಇಟ್ಕೋ. ಸಾರು ಪುಕ್ಕಟೆ,” ಎಂದಿದ್ದರಂತೆ ಇವರು.

ಕಾರಣ ತಿಳಿದ ಮೇಲೆ ಸಂದೀಪ್ ತಮಾಷೆ ಬಿಟ್ಟಿದ್ದಾನೆ. ಈಗ ಇವರ ಕಾಲ ಸಪ್ಪಳ ಕೇಳಿದೊಡನೆ ಎದ್ದು ಕಿಟಕಿ ತೆರೆಯುತ್ತಾನೆ. ಇವರು ಮೆಟ್ಟಿಲಿಳಿದ ಮೇಲೆ ಮುಚ್ಚುತ್ತೀಯೋ ಎಂದು ನಾನು ಕೇಳಿದರೆ ಇಲ್ಲ ಎನ್ನುತ್ತಾನೆ. “ಮುಚ್ಚೋಕೆ ಕೈ ಬರಲ್ಲ ಸರ್.”

ಆ ಕಾರಣವನ್ನು ರತ್ನಮ್ಮ ತಾವಾಗಿ ಯಾರಿಗೂ ಹೇಳಿದವರಲ್ಲ. ಕೇಳಿದರೂ ಮುದುಕಿಗೆ ಕೇಳಿಸಬಾರದೆಂದು ತಾರಸಿಯ ಆಚೆ ತುದಿಗೆ ಬಂದು, ಒಣಗದ ಬಟ್ಟೆಗಳ ನಡುವೆ ನಿಂತು, ಸಣ್ಣ ದನಿಯಲ್ಲಿ ಹೇಳುತ್ತಾರೆ.

ಅವರದು ಕುಣಿಗಲ್ ಕಡೆಯ ಒಂದು ಸಣ್ಣ ಹಳ್ಳಿ. ಗಂಡ ಚಂದ್ರಪ್ಪ ಅಡುಗೆಯ ಕೈ ಚೆನ್ನಾಗಿದ್ದವರು. ದಿಲ್ಲಿಗೆ ವರ್ಗವಾಗಿ ಬಂದ ಅಧಿಕಾರಿಯೊಬ್ಬರು ಮನೆಯ ಅಡುಗೆಗೆಂದು ಅವರನ್ನು ಕರೆತಂದರು. ಅಧಿಕಾರಿ ಮತ್ತೆ ವರ್ಗವಾಗಿ ಹೋದರು, ಚಂದ್ರಪ್ಪ ಇಲ್ಲೇ ಉಳಿದರು. ಮದುವೆಗಳಿಗೆ ಅಡುಗೆ ಮಾಡುವ ಕೇಟರಿಂಗಿನವರ ಬಳಿ ಕೆಲಸ ಸಿಕ್ಕಿತು. ಹೆಂಡತಿಯನ್ನೂ ತಾಯಿಯನ್ನೂ ಕರೆಸಿಕೊಂಡರು. ದಿಲ್ಲಿಯಲ್ಲಿ ಮದುವೆಗಳ ಸುಗ್ಗಿ ಎಂದರೆ ಚಳಿಗಾಲವೇ. ಶಾಮಿಯಾನದ ಹಿಂದೆ, ಬಯಲಲ್ಲಿ, ಇಬ್ಬನಿ ಸುರಿಯುವಾಗ ಕೊಪ್ಪರಿಗೆ ತೊಳೆಯುವ ಕೆಲಸ. ಮೂರು ಚಳಿಗಾಲದ ಹಿಂದೆ ಹಾಗೆ ತೊಳೆದು ತೊಳೆದೇ ಅವರಿಗೆ ಜ್ವರ ಹಿಡಿಯಿತು.

ಆಗ ರತ್ನಮ್ಮ ಮನೆಯಲ್ಲಿರಲಿಲ್ಲ. ದ್ವಾರಕಾದಲ್ಲಿ ಕೊಡಗಿನ ಸೇನಾಧಿಕಾರಿ ಅಯ್ಯಣ್ಣ ಅವರ ಮನೆಗೆ ಬಾಣಂತಿಯ ಅಡುಗೆಗೆ ಹೋಗಿದ್ದರು. ಅವರ ಹೆಂಡತಿಗೆ ಚೊಚ್ಚಲ ಹೆರಿಗೆ. ಬಾಣಂತಿಗೆ ಮೆಣಸು, ಶುಂಠಿ, ಬೆಳ್ಳುಳ್ಳಿ ಹಾಕಿ ಕಾವು ಕೊಡುವ ಅಡುಗೆ ಮಾಡಿ, ಕೂಸಿಗೆ ಬಿಸಿನೀರೆರೆದು, ಅಲ್ಲೇ ಮಲಗುವ ಒಪ್ಪಂದ.

ಇಲ್ಲಿ ಒಂದು ಪದ್ಧತಿಯ ಮಾತು ಹೇಳಬೇಕು. ಆ ಕಡೆಯ ಹಳ್ಳಿಗಳಲ್ಲಿ ರಾತ್ರಿ ಉಂಡ ಮೇಲೆ ಒಲೆಯನ್ನು ಪೂರ್ತಿ ಆರಿಸುವ ರೂಢಿಯಿರಲಿಲ್ಲ. ಕೆಂಡಗಳನ್ನು ಒಂದೆಡೆ ಗುಡ್ಡೆ ಮಾಡಿ, ಮೇಲೆ ಬೂದಿ ಮುಚ್ಚಿ, ಕೈ ಮುಗಿಯುತ್ತಿದ್ದರು. ಬೆಂಕಿಯನ್ನು ಮಲಗಿಸುವುದು ಎಂದು ಅದಕ್ಕೆ ಹೆಸರು. ಮನೆಯ ಹಿರಿಯ ಹೆಂಗಸಿನ ಕೆಲಸ ಅದು. ತಡವಾಗಿ ಬರುವ ಗಂಡಸಿನ ಅನ್ನವನ್ನು ಆ ಬೂದಿಯ ಮೇಲಿಟ್ಟರೆ ನಡುರಾತ್ರಿಯಲ್ಲೂ ಬೆಚ್ಚಗಿರುತ್ತದೆ. ಬೆಳಗ್ಗೆ ಬೂದಿ ಸರಿಸಿ ಊದಿದರೆ ಕೆಂಡ ಕಣ್ಣು ಬಿಡುತ್ತದೆ. ಒಲೆ ಆರಿಹೋದ ನೆರೆಮನೆಯವರು ಬಂದು ಕೇಳಿದರೆ ಅವರಿಗೂ ಒಂದು ಕೆಂಡ ಕೊಡಬಹುದು. ನಾಡ ಹೆಂಚಿನ ಮಾಡು, ಹೆಂಚಿಗೆ ಹೆಂಚಿಗೆ ಸಂದು, ಬಾಗಿಲಿಗೂ ಹೊಸಿಲಿಗೂ ನಡುವೆ ಬೆಕ್ಕು ನುಸುಳುವಷ್ಟು ಜಾಗ. ಅಂಥ ಮನೆಯಲ್ಲಿ ಮಲಗಿದ ಬೆಂಕಿ ಯಾರನ್ನೂ ಏನೂ ಮಾಡುತ್ತಿರಲಿಲ್ಲ. ಶಾಂತಮ್ಮ ಮದುವೆಯಾಗಿ ಬಂದ ವರ್ಷದಿಂದ ಬೆಂಕಿ ಮಲಗಿಸಿಕೊಂಡೇ ಬಂದವರು.

ದಿಲ್ಲಿಯಲ್ಲಿ ಆಗ ಅವರಿದ್ದದ್ದು ಒಳಗಲ್ಲಿಯ ನೆಲಮಟ್ಟದ ಕೋಣೆ. ಸಿಮೆಂಟಿನ ಸೂರು, ಒಂದೇ ಬಾಗಿಲು, ಅಂಗೈ ಅಗಲದ ಕಿಟಕಿ. ಚಳಿಗೆಂದು ಆ ಕಿಟಕಿಗೂ ಹಳೆಯ ಪೇಪರು ತುರುಕಿದ್ದರು. ಸಂಜೆ ಜ್ವರದಲ್ಲಿ ಬಂದ ಮಗ ಉಣ್ಣದೆ ಮಲಗಿದ. ಅಮ್ಮಾ, ಆಮೇಲೆ ಉಣ್ತೀನಿ ಎಂದ. ತಾಯಿ ಅಂಗೀಠಿಯ ಕೆಂಡವನ್ನು ಬೂದಿಯಲ್ಲಿ ಮುಚ್ಚಿ, ಅದರ ಮೇಲೆ ಅನ್ನ ಸಾರಿನ ತಪ್ಪಲೆಯಿಟ್ಟು, ಅಂಗೀಠಿಯನ್ನು ಮಗನ ತಲೆಯ ಹತ್ತಿರ ಸರಿಸಿದರು. ಎದ್ದಾಗ ಉಂಡಾನು, ಬೆಚ್ಚಗೂ ಇರುತ್ತೆ ಎಂದು. ಕೋಣೆಯಲ್ಲಿ ಬೆಚ್ಚನೆಯ ಜಾಗವನ್ನು ಮಗನಿಗೆ ಬಿಟ್ಟು ತಾವು ಬಾಗಿಲ ಬುಡದಲ್ಲಿ ಮಲಗಿದರು. ಬಾಗಿಲ ಕೆಳಗಿನ ಸಂದಿನಿಂದ ಕೊರೆಯುವ ಗಾಳಿ ಬರುತ್ತಿತ್ತು. ಇದ್ದಿಲಿನ ಕಾಣದ ವಿಷದಿಂದ ಅವರನ್ನು ಉಳಿಸಿದ್ದು ಆ ಗಾಳಿಯೇ.

ಬೆಳಗ್ಗೆ ಮಾಲೀಕನ ಹೆಂಡತಿ ಬಾಗಿಲು ಬಡಿದಾಗ ಶಾಂತಮ್ಮ ತೆವಳಿಕೊಂಡು ಚಿಲಕ ತೆಗೆದರು. ಮಗ ಏಳಲಿಲ್ಲ.

ದ್ವಾರಕಾದಿಂದ ರತ್ನಮ್ಮ ಬಂದು ಸೇರುವ ಹೊತ್ತಿಗೆ ಗಲ್ಲಿ ತುಂಬ ಜನ. ಅತ್ತೆ ಅಳುತ್ತಿರಲಿಲ್ಲ. ಸೊಸೆಯ ಕೈ ಹಿಡಿದು ಹೇಳಿದ್ದು ಎರಡೇ ಮಾತು. “ಮಗ ತಣ್ಣಗಿದ್ದ ಕಣೆ. ತಪ್ಪಲೆ ಬೆಚ್ಚಗಿತ್ತು.”

ಅಂದಿನಿಂದ ಶಾಂತಮ್ಮ ಬೆಚ್ಚಗಿರುವುದನ್ನು ಬಾಯಿಗಿಟ್ಟಿಲ್ಲ. ಒಲೆಯನ್ನೂ ಮುಟ್ಟಿಲ್ಲ. ಆ ಮಾತನ್ನೂ ಮತ್ತೆ ಎತ್ತಿಲ್ಲ. ಅನ್ನ ಆರಿ, ತಣ್ಣಗಾಗಿ, ಮೇಲೆ ಪೊರೆ ಕಟ್ಟಿದ ಮೇಲೆ ತಟ್ಟೆ ಹತ್ತಿರಕ್ಕೆಳೆದುಕೊಳ್ಳುತ್ತಾರೆ. ಬೇಸಗೆಯಲ್ಲಿ ಯಾರಿಗೂ ಗೊತ್ತಾಗುವುದಿಲ್ಲ. ಚಳಿಗಾಲದಲ್ಲಿ ಅದು ದಿನಕ್ಕಿಷ್ಟು ದಿನಕ್ಕಿಷ್ಟು ಎಂದು ಜೀವ ಕೊರೆಯುತ್ತದೆ. ಮೊದಲ ವರ್ಷ ಬರೀ ನೆಗಡಿ, ಹೋದ ವರ್ಷ ಕೆಮ್ಮು, ಈ ವರ್ಷ ಮಾತಾಡಿದರೆ ಏದುಸಿರು.

ರತ್ನಮ್ಮ ಮಾಡದ ಉಪಾಯವಿಲ್ಲ. ತಣ್ಣನೆ ಮುದ್ದೆಯ ಅಡಿಯಲ್ಲಿ ಬಿಸಿ ಸಾರು ಬಚ್ಚಿಟ್ಟು ಕೊಟ್ಟಿದ್ದಾರೆ. ಮುದುಕಿ ಬೆರಳಿನ ತುದಿ ಮುಟ್ಟಿಸಿ ತಟ್ಟೆ ದೂಡಿದ್ದಾರೆ. ಮಜ್ಜಿಗೆಯನ್ನು ಉಗುರುಬೆಚ್ಚಗೆ ಮಾಡಿಕೊಟ್ಟಿದ್ದಾರೆ. ಅದು ಹಾಗೇ ಮಧ್ಯಾಹ್ನದವರೆಗೆ ಕೂತಿದೆ. ದೇವಸ್ಥಾನಕ್ಕೆ ಕರೆದುಕೊಂಡು ಹೋಗಿ ಅರ್ಚಕರ ಬಾಯಲ್ಲಿ ಹೇಳಿಸಿದ್ದೂ ಆಯಿತು. ಅನ್ನ ದೇವರು ತಾಯಿ, ದೇವರ ಮೇಲೆ ಮುನಿಯಬಾರದು ಎಂದು ಅವರು ತಿಳಿಹೇಳಿದರು. ಶಾಂತಮ್ಮ ಭಕ್ತಿಯಿಂದ ಕೇಳಿದರು, ತೀರ್ಥ ತಗೊಂಡರು, ಮನೆಗೆ ಬಂದು ತಂಗಳಿನ ಮುಂದೆ ಕೂತರು. ದೇವರ ಮೇಲೆ ಅವರಿಗೆ ಮುನಿಸಿಲ್ಲ. ಮುನಿಸು ಎಲ್ಲಿದೆಯೆಂದು ಸೊಸೆಗೆ ಗೊತ್ತು.

“ನಾನು ಒಂದು ದಿನಾನೂ ಅತ್ತೆಗೆ ಒಂದು ಮಾತು ಅಂದಿಲ್ಲ,” ಎನ್ನುತ್ತಾರೆ ರತ್ನಮ್ಮ. ಒಣಗದ ಬಟ್ಟೆಯೊಂದರ ತುದಿ ಹಿಂಡಿ ಮುಂದುವರಿಸುತ್ತಾರೆ. “ಅನ್ನಬೇಕಿತ್ತೇನೋ. ಒಂದು ಸಲ ಜಗಳ ಆಡಿ, ನೀವೇ ಕಣ್ರೀ ಅಂತ ಕೂಗಾಡಿದ್ದಿದ್ರೆ, ಅವರೂ ತಿರುಗಿ ಬೈದು, ಇಬ್ರೂ ಅತ್ತು, ಹಗುರ ಆಗ್ತಿದ್ವೇನೋ. ನಾನು ಒಳ್ಳೆ ಸೊಸೆ ಆಗೋಕೆ ಹೋಗಿ ಅವರ ಬಾಯಿ ಕಟ್ಟಿಬಿಟ್ಟೆ.”

ಅತ್ತೆ ಮೊದಲಿಂದಲೂ ಬೈಗುಳಕ್ಕೆ ಹೆಸರಾದವರಂತೆ. ಸಾರು ನೀರಾದರೆ ಬೈಗುಳ, ಗಟ್ಟಿಯಾದರೆ ಬೈಗುಳ. ಮದುವೆಯಾದ ಹೊಸದರಲ್ಲಿ ರತ್ನಮ್ಮ ಹಿತ್ತಿಲಲ್ಲಿ ನಿಂತು ಅತ್ತದ್ದೂ ಉಂಟು. ಈಗ ಮುದುಕಿ ಕೊಟ್ಟದ್ದನ್ನು, ಅದು ತಣ್ಣಗಾದ ಮೇಲೆ, ಏನೊಂದೂ ಅನ್ನದೆ ತಿನ್ನುತ್ತಾರೆ. ತಣ್ಣಗಾದ ಕೂಳಿಗೆ ರುಚಿ ನೋಡುವವರು ಯಾರು?

ದ್ವಾರಕಾದ ಆ ಮನೆಯಲ್ಲಿ ಇಂದಿಗೂ ರತ್ನಮ್ಮನ ಮಾತು ಬರುತ್ತದೆ. ಬಾಣಂತಿಯ ತಾಯಿ ಬೊಳ್ಳಮ್ಮ ಆಗ ಮಗಳಿಗಾಗಿ ಕೊಡಗಿನಿಂದ ಬಂದಿದ್ದರು. ಈ ಸಲವೂ ಮೊಮ್ಮಗಳನ್ನು ನೋಡಲು ಬಂದಿದ್ದಾರೆ. ಗಂಡನ ಕರ್ಮಾಂತರ ಮುಗಿಸಿದ ಮರುದಿನ ರತ್ನಮ್ಮ ಅವರ ಮನೆಯ ಬಾಗಿಲಲ್ಲಿ ನಿಂತಿದ್ದರಂತೆ. ಬೇಡವಮ್ಮ, ಮನೆಗೆ ಹೋಗು ಎಂದು ಬೊಳ್ಳಮ್ಮ ಎಷ್ಟು ಹೇಳಿದರೂ ಕೇಳಲಿಲ್ಲ. ಒಪ್ಪಿಕೊಂಡ ಬಾಣಂತನ, ಕೂಸಿಗೆ ನೀರೆರೆಯುವವರು ಯಾರು ಎಂದರಂತೆ. “ಕೂಸಿನ ಮೈ ಒರೆಸುವಾಗ ಮಾತ್ರ ಅವಳು ಅಳುತ್ತಿದ್ದಳು. ಅದೂ ಮುಖ ಆಚೆ ತಿರುಗಿಸಿಕೊಂಡು, ಕೂಸಿನ ಮೇಲೆ ಕಣ್ಣೀರು ಬೀಳಬಾರದು ಅಂತ,” ಎನ್ನುತ್ತಾರೆ ಬೊಳ್ಳಮ್ಮ.

ಆ ಬಾಣಂತನ ಮುಗಿದ ಮೇಲೆಯೇ ರತ್ನಮ್ಮ ಗಾಳಿ ಬೆಳಕಿರುವ ಈ ತಾರಸಿಯ ಕೋಣೆ ಹಿಡಿದದ್ದು, ಡಬ್ಬಿಯ ಕಸುಬು ಶುರು ಮಾಡಿದ್ದು. ಇದ್ದಿಲು ಮತ್ತೆ ಮನೆಗೆ ಬಂದಿಲ್ಲ.

ಈ ಜನವರಿಯಲ್ಲಿ ದಿಲ್ಲಿಯ ಚಳಿ ಎಂದಿನಂತಲ್ಲ. ತಾರಸಿಯ ಬಕೆಟ್ಟಿನ ನೀರಿನ ಮೇಲೆ ಗಾಜಿನ ಹಾಗೆ ತೆಳ್ಳನೆ ಪದರ ಕಟ್ಟುತ್ತದೆ. ಕೆಳಗೆ ಬೀದಿಯಲ್ಲಿ ರಿಕ್ಷಾದವರು ಹಳೇ ಟೈರು ಸುಟ್ಟು ಕೈ ಕಾಯಿಸುತ್ತಾರೆ. ಶಾಂತಮ್ಮನ ಕೆಮ್ಮಿಗೆ ಈಗ ಬಿಡುವಿಲ್ಲ. ಪಕ್ಕೆ ಹಿಡಿದುಕೊಂಡು ಕೆಮ್ಮಿ, ಮುಗಿದ ಮೇಲೆ ತಪ್ಪು ಮಾಡಿದವರಂತೆ ಸೊಸೆಯ ಮುಖ ನೋಡುತ್ತಾರೆ.

ಇಂಥದ್ದರಲ್ಲಿ ಅದಿತಿ ಕಾಯಿಲೆ ಬಿದ್ದಳು. ದಾವಣಗೆರೆಯ ಹುಡುಗಿ, ಕೋಚಿಂಗಿಗೆ ಬಂದವಳು, ಎರಡು ಗಲ್ಲಿ ಆಚೆ ಇರುತ್ತಾಳೆ. ಜೊತೆಗಿದ್ದ ಗೆಳತಿ ಸಂಕ್ರಾಂತಿಗೆಂದು ಊರಿಗೆ ಹೋಗಿದ್ದಳು. ಡಬ್ಬಿ ಕೊಡಲು ಹೋದ ರತ್ನಮ್ಮ, ಹಿಂದಿನ ದಿನದ ಡಬ್ಬಿ ಮುಚ್ಚಳ ತೆಗೆಯದೆ ಇದ್ದದ್ದು ಕಂಡು, ಹಣೆ ಮುಟ್ಟಿ ನೋಡಿದರು. ಸುಡುತ್ತಿತ್ತು. ಡಾಕ್ಟರಿಗೆ ತೋರಿಸಿ, ಔಷಧಿ ಕೊಡಿಸಿ, ಹುಡುಗಿಯನ್ನು ತಮ್ಮ ಕೋಣೆಗೇ ಕರೆತಂದು ಅತ್ತೆಯ ಪಕ್ಕ ಮಲಗಿಸಿದರು. ಅತ್ತೆ ತಮ್ಮ ರಜಾಯಿಯ ಅರ್ಧ ಅತ್ತ ಸರಿಸಿದರು.

ಮರುದಿನ ಬೆಳಗ್ಗೆ ರತ್ನಮ್ಮ ಅಕ್ಕಿತರಿಯ ಗಂಜಿ ಮಾಡಿ, ಜೀರಿಗೆ ಮೆಣಸು ಕುಟ್ಟಿ ಹಾಕಿ, ಪಾತ್ರೆಗೆ ಕಂಬಳಿ ಸುತ್ತಿಟ್ಟರು. ಈ ಮಗು ಎದ್ದಾಗ ಕುಡಿಸಿ ಅತ್ತೆ ಎಂದು ಹೇಳಿ ಡಬ್ಬಿಗಳ ಚೀಲ ಹೊತ್ತು ಇಳಿದರು. ಹೇಳಿದರೇ ವಿನಾ ನಂಬಿಕೆಯಿರಲಿಲ್ಲ. ಆ ದಿನ ಮಂಜಿಗೆ ದಾರಿ ಕಾಣದೆ, ಕಿಟಕಿ ತೆರೆಸುವ ಜಗಳಗಳೂ ಹೆಚ್ಚಾಗಿ, ಹಿಂತಿರುಗುವಾಗ ಬಿಸಿಲು ಏರುವ ಹೊತ್ತು. ಗಂಜಿ ಇಷ್ಟರಲ್ಲಿ ಆರಿಹೋಗಿರುತ್ತೆ, ಮಗು ಬರೀ ಹೊಟ್ಟೆಯಲ್ಲಿ ಮಲಗಿರುತ್ತೆ ಎಂದು ಅವಸರದಲ್ಲಿ ಮೆಟ್ಟಿಲು ಹತ್ತಿದರು. ಕೊನೆಯ ತಿರುವಿನಲ್ಲಿ ಕಾಲು ನಿಂತುಬಿಟ್ಟಿತು. ಮೇಲಿನಿಂದ ಅತ್ತೆಯ ದನಿ. ಮೂರು ವರ್ಷ ಕೇಳದಿದ್ದ ಬೈಗುಳದ ದನಿ.

“ಏಳು. ಎದ್ದು ಕೂತ್ಕೊ. ಆಮೇಲೆ ಅನ್ನೋದು ಬ್ಯಾಡ ನನ್ನ ಹತ್ರ. ಆಮೇಲೆ ಅಂತ ಒಂದು ಹೊತ್ತು ಇಲ್ಲ ಕಣೆ, ಹಂಗಂದವರು ಯಾರೂ ಉಂಡಿಲ್ಲ. ಈಗ ಉಣ್ಣು.”

ತೆರೆದ ಬಾಗಿಲಿನಿಂದ ಮೆಟ್ಟಿಲಿಗೆ ಒಳಗಿನದೆಲ್ಲ ಕಾಣುತ್ತದೆ. ಒಲೆ ಉರಿಯುತ್ತಿತ್ತು. ಅದರ ಮೇಲೆ ಗಂಜಿಯ ಪಾತ್ರೆ ಹಬೆಯಾಡುತ್ತಿತ್ತು. ಸುತ್ತ ಹಚ್ಚಲಾರದೆ ಮುರಿದ ಬೆಂಕಿಕಡ್ಡಿಗಳು ಚೆಲ್ಲಿದ್ದವು. ಮುದುಕಿ ಹುಡುಗಿಯ ಬೆನ್ನಿಗೆ ತಮ್ಮ ಎದೆ ಆನಿಸಿ ಕೂರಿಸಿಕೊಂಡು, ಬಟ್ಟಲು ಅವಳ ಬಾಯಿಗೆ ಹಿಡಿದಿದ್ದರು. ಹುಡುಗಿ ತಲೆ ಅಲ್ಲಾಡಿಸಿದರೆ ಬೈಗುಳ, ನುಂಗಿದರೆ ಬೆನ್ನು ಸವರುವುದು. ನಡುನಡುವೆ ಕೆಮ್ಮು ಬಂದಾಗ ಬಟ್ಟಲನ್ನು ದೂರ ಹಿಡಿದು, ಮುಖ ತಿರುಗಿಸಿ ಕೆಮ್ಮಿ, ಮತ್ತೆ ಹಿಡಿಯುತ್ತಿದ್ದರು.

ರತ್ನಮ್ಮ ಮೇಲೆ ಹೋಗಲಿಲ್ಲ. ಖಾಲಿ ಡಬ್ಬಿಗಳು ಸದ್ದು ಮಾಡದಂತೆ ಚೀಲವನ್ನು ತೊಡೆಯ ಮೇಲಿಟ್ಟುಕೊಂಡು ಮೆಟ್ಟಿಲ ಮೇಲೆ ಕೂತರು. “ಜೇಡ ಬಲೆ ಕಟ್ಟೋವಾಗ ಉಸಿರು ಬಿಡಬಾರದು ಅಂತಾರಲ್ಲ, ಹಂಗೆ ಕೂತಿದ್ದೆ,” ಎನ್ನುತ್ತಾರೆ. ಒಲೆ ಆರಿಸಿದ ಸದ್ದು ಕೇಳಿದ ಮೇಲೆ ಎದ್ದು, ಆಗಷ್ಟೇ ಬಂದವರಂತೆ ಕಾಲು ಕುಟ್ಟಿ ಸಪ್ಪಳ ಮಾಡುತ್ತಾ ಒಳಗೆ ಹೋದರು.

ಮಧ್ಯಾಹ್ನ ಅತ್ತೆಯ ಮುಂದೆ ಬಿಸಿ ಅನ್ನ, ಬಿಸಿ ಸಾರು ಇಟ್ಟರು. ಶಾಂತಮ್ಮ ತಟ್ಟೆಯನ್ನು ನೋಡಿದರು, ಎಂದಿನಂತೆ ಪಕ್ಕಕ್ಕೆ ಸರಿಸಿದರು. ಸಂಜೆಯ ಹೊತ್ತಿಗೆ ಪೊರೆ ಕಟ್ಟಿದ ಅದೇ ಅನ್ನವನ್ನು ತಿಂದರು. ರಾತ್ರಿ ಕೆಮ್ಮು ಮತ್ತೂ ಹೆಚ್ಚಾಯಿತು. ಹುಡುಗಿಯ ಜ್ವರ ಇಳಿಯ ಹತ್ತಿತು, ಮುದುಕಿಯ ಉಸಿರು ಏರಿತು. ಗೋಡೆಯ ಕಡೆ ತಿರುಗಿ ಮಲಗಿದ ರತ್ನಮ್ಮನಿಗೆ ಇದು ಇನ್ನು ಕೈ ಮೀರಿತು ಎನ್ನಿಸಿತಂತೆ. ಪರರ ಮಗುವಿಗೆ ಒಲೆ ಹಚ್ಚಿದ ಕೈ ತನ್ನ ಬಾಯಿಗೆ ಮಾತ್ರ ಬಾರದು ಎಂದರೆ ಯಾವ ದೇವರಿಗೆ ಹರಕೆ ಹೊರುವುದು?

ಇದೆಲ್ಲ ಮೊನ್ನೆಯ, ನಿನ್ನೆಯ ಮಾತು. ಇಂದು ಬೆಳಗ್ಗೆ, ಮಂಜಿನಲ್ಲಿ ಮುದ್ದೆ ಕಟ್ಟುವ ಈ ಹೊತ್ತಿನಲ್ಲಿ, ಅದಿತಿ ಇನ್ನೂ ನಿದ್ದೆಯಲ್ಲಿದ್ದಾಳೆ. ಶಾಂತಮ್ಮ ತಂಗಳು ಮುದ್ದೆ ಮುರಿಯುತ್ತಾ, ಸೊಸೆಯ ಕಡೆ ನೋಡದೆ, ಗೋಡೆಗೆ ಹೇಳಿದಂತೆ ಹೇಳುತ್ತಾರೆ.

“ಮೊನ್ನೆ ಆ ಮಗೀಗೆ ಮಾಡಿದ್ದ ಗಂಜಿಗೆ ಉಪ್ಪು ಮುಂದಾಗಿತ್ತು. ಜ್ವರದ ಬಾಯಿಗೆ ಅಷ್ಟು ಉಪ್ಪು ಸುರೀತಾರೇನೆ? ಇಷ್ಟು ವರ್ಷ ಅಡುಗೆ ಮಾಡಿ ಏನು ಕಲ್ತೆ ನೀನು?”

ರತ್ನಮ್ಮನ ಕೈ ಮುದ್ದೆಯ ಮೇಲೆ ಹಾಗೇ ನಿಲ್ಲುತ್ತದೆ. ಕಾಯಿಲೆಯ ಮಗುವಿಗೆ ಕುಡಿಸುವ ಮುಂಚೆ ಸುಡುತ್ತದೋ ಇಲ್ಲವೋ ಎಂದು ತನ್ನ ತುಟಿಗೆ ಮುಟ್ಟಿಸಿ ನೋಡದ ತಾಯಿ ಎಲ್ಲೂ ಇಲ್ಲ. ಉಪ್ಪು ಮುಂದಾದದ್ದು ತುಟಿಗೆ ತಾಗದೆ ತಿಳಿಯುವುದೂ ಇಲ್ಲ. ಸೊಸೆ ತಲೆಯೆತ್ತುವುದಿಲ್ಲ. ಹೌದಾ ಅತ್ತೆ, ಇನ್ಮೇಲೆ ಕಮ್ಮಿ ಹಾಕ್ತೀನಿ ಎಂದಷ್ಟೇ ಹೇಳಿ ಮುದ್ದೆಯನ್ನು ಗುಂಡಗೆ ಮಾಡಿ ಡಬ್ಬಿಗಿಡುತ್ತಾರೆ. ಅದಕ್ಕಿಂತ ಹೆಚ್ಚು ಮಾತಾಡುವ ಧೈರ್ಯ ಅವರಿಗಿಲ್ಲ.

ಮುದುಕಿಯನ್ನು ಮತ್ತೆ ಕೆಮ್ಮು ಹಿಡಿದು ಅಲ್ಲಾಡಿಸುತ್ತದೆ. ಡಾಕ್ಟರು ಹೇಳಿದ್ದು ಸುಳ್ಳಾಗುವ ಸೂಚನೆ ಆ ಕೆಮ್ಮಿನಲ್ಲಿಲ್ಲ. ಒಂದು ಹನಿ ಗಂಜಿ ಎದೆಯ ಕಫ ಕರಗಿಸೀತೇ? ರತ್ನಮ್ಮ ಅಂಥ ಲೆಕ್ಕಕ್ಕೆ ಹೋಗುವವರಲ್ಲ. ಸ್ವೆಟರಿನ ತೋಳುಗಳನ್ನು ಒಂದೊಂದಾಗಿ ಡಬ್ಬಿಗೆ ತೊಡಿಸಿ, ಚೀಲ ತುಂಬಿ, ಹೊರಡುವ ಮುಂಚೆ ಒಂದು ಬಟ್ಟಲಿಗೆ ಕುದಿಯುವ ಸಾರು ಬಗ್ಗಿಸುತ್ತಾರೆ. ಅತ್ತೆಗೆ ಬೆನ್ನು ಹಾಕಿ ನಿಂತು, ಆ ಬಟ್ಟಲಿಗೆ ಮಾತ್ರ ಇನ್ನೊಂದು ಹಿಡಿ ಹುಣಸೆಹುಳಿ ಹಿಂಡುತ್ತಾರೆ. ಬಟ್ಟಲನ್ನು ಅತ್ತೆಯ ಕೈಗೆಟಕುವ ಹಾಗೆ ನೆಲದ ಮೇಲಿಟ್ಟು ತಾರಸಿಗೆ ಬರುತ್ತಾರೆ.

“ಬೇಕಂತಾನೇ ಹುಳಿ ಮುಂದಾಗಿ ಹಾಕಿದೀನಿ. ವಾಸನೆಗೇ ಗೊತ್ತಾಗ್ಬೇಕು ಅವರಿಗೆ, ಇವಳು ಇವತ್ತೂ ಕೆಡಿಸಿದಾಳೆ ಅಂತ,” ಎನ್ನುತ್ತಾ ಚೀಲವನ್ನು ಹೆಗಲಿಗೇರಿಸಿಕೊಳ್ಳುತ್ತಾರೆ. ಮಂಜಿನೊಳಗೆ ಮೊದಲ ಮೆಟ್ಟಿಲು ಇಳಿಯುವಾಗ ಒಮ್ಮೆ ಹಿಂದಿರುಗಿ ನೋಡುತ್ತಾರೆ. “ಉಣ್ಣಲಿ ಅಂತ ಕೇಳೋಕೆ ನಂಗೆ ಬಾಯಿಲ್ಲ. ಬೈಯೋಕಾದ್ರೂ ಒಂದು ಸಲ ರುಚಿ ನೋಡ್ಲಿ.”